ಕನ್ನಡಕ ಒರೆಸ್ಕೋ

ಹದಿನೆಂಟು ವರ್ಷದ ಸಂಸಾರದಲ್ಲಿ ನಮ್ಮ ಪೇಂಟರ್ ಹೆಂಡತಿಯ ಎದುರು ಗೆದ್ದದ್ದೆಲ್ಲ ಒಂದೇ ಬ್ರಹ್ಮಾಸ್ತ್ರದಿಂದ.

“ರೀ, ಗೋಡೆ ಮೇಲ್ಗಡೆ ಒಂದು ಗೇಣು ಬಣ್ಣಾನೇ ಇಲ್ಲ.”

“ಕನ್ನಡಕ ಒರೆಸ್ಕೋ.” (ಏಣಿ ಒಂದು ಗೇಣು ಗಿಡ್ಡವಿತ್ತು.)

“ಈ ಗೋಡೆ ಹಳದಿ, ಆ ಗೋಡೆ ಹಸಿರು ಯಾಕೆ?”

“ನಂಬರ್ ಜಾಸ್ತಿಯಾಗಿರ್ಬೇಕು ನಿಂಗೆ.” (ಗಿರಾಕಿಗಳ ಮನೆಯಲ್ಲಿ ಉಳಿದ ಡಬ್ಬಗಳ ತಳ ಕೆರೆದು ಬಳಿದದ್ದು.)

ಕಂಡವರ ಮನೆಯನ್ನೆಲ್ಲ ಮದುಮಗಳಂತೆ ಸಿಂಗರಿಸುವ ಮಹಾಶಯನ ಸ್ವಗೃಹದ ವೈಭವ ಇದು. ಮೈನಸ್ ಏಳು ನಂಬರಿನ ಕನ್ನಡಕದ ಆಕೆ ಪ್ರತಿ ಸಲವೂ ಗಾಜು ಒರೆಸಿ ಸುಮ್ಮನಾಗುತ್ತಿದ್ದಳು. ಒಂದು ದಿನ ಸುಮ್ಮನಾಗಲಿಲ್ಲ. ಸೀದಾ ಹೋಗಿ ಲೇಸರ್ ಆಪರೇಶನ್‌ಗೆ ಹೆಸರು ಬರೆಸಿ ಬಂದಳು.

ಪೇಂಟರ್ ಗೋಡೆಗಳತ್ತ ಒಮ್ಮೆ ಕಣ್ಣು ಹಾಯಿಸಿದ. ಕಣ್ಣು ನೆಟ್ಟಗಾದರೆ ಹದಿನೆಂಟು ವರ್ಷದ ಸುಳ್ಳು ಬಯಲು! ಆಪರೇಶನ್ ಆದ ದಿನ ಡಾಕ್ಟರಮ್ಮ ಬಿಡಿಸಿ ಹೇಳಿದರು: “ಕಾರ್ನಿಯಾ ಅಂದ್ರೆ ಕಣ್ಣಿನ ಮುಂದಿರೋ ಪಾರದರ್ಶಕ ಪದರ. ಅದರ ಆಕಾರ ತಿದ್ದಿದ್ದೀವಿ. ಮೇಲಿನ ಗಾಯ ನಾಲ್ಕೈದು ದಿನಕ್ಕೆ ಮಾಯುತ್ತೆ. ದೃಷ್ಟಿ ಮಾತ್ರ ಇವತ್ತು ಸ್ಪಷ್ಟ, ನಾಳೆ ಮಸುಕು. ಕೆಲವರಿಗೆ ಒಂದು ಹದಕ್ಕೆ ಬರೋಕೆ ಮೂರು ತಿಂಗಳೂ ಬೇಕು.”

“ಥೇಟ್ ನಮ್ಮ ಗೋಡೆ ಕೆಲಸಾನೇ!” ಪೇಂಟರ್ ಕಣ್ಣರಳಿಸಿದ. “ಉಜ್ಜಿ ನಯ ಮಾಡೋದು, ಆಮೇಲೆ ಒಣಗೋಕೆ ಬಿಡೋದು. ಅಲ್ಲ ಮೇಡಂ, ಇನ್ನೂ ಸ್ವಲ್ಪ ನಿಧಾನಕ್ಕೆ ಮಾಯೋ ಹಾಗೆ ಡ್ರಾಪ್ಸ್ ಏನಾದ್ರೂ ಇದ್ಯಾ?”

ಡಾಕ್ಟರಮ್ಮ ಅವನನ್ನೇ ಒಮ್ಮೆ ಪರೀಕ್ಷಿಸುವವರಂತೆ ನೋಡಿದರು.

ಅಂದಿನಿಂದ ಪಂದ್ಯ ಶುರುವಾಯಿತು. ಒಂದು ಕಡೆ ಹೆಂಡತಿಯ ಕಾರ್ನಿಯಾ, ಇನ್ನೊಂದು ಕಡೆ ಗಂಡನ ಬ್ರಷ್. ಧೂಳು ಬೀಳಬಾರದೆಂದು ಆಕೆಯನ್ನು ಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕಿ, ಇತ್ತ ಏಣಿ ಹತ್ತುತ್ತಿದ್ದ. (ಈ ಸಲ ಉದ್ದದ್ದು.) ಆಕೆ ಹೊರಗೆ ಬಂದರೆ ಕಪ್ಪು ಕನ್ನಡಕ ಕಡ್ಡಾಯ. ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ವಿಚಾರಣೆ.

“ಇವತ್ತು ಹೇಗಿದೆ?”

“ಗಡಿಯಾರ ಕಾಣ್ತಿದೆ, ಮುಳ್ಳು ಕಾಣ್ತಿಲ್ಲ ರೀ.”

ಅಬ್ಬಾ! ಅಡುಗೆಮನೆಗೆ ಸಮಯವಿದೆ ಎಂದು ಡಬ್ಬ ತೆಗೆಯುತ್ತಿದ್ದ. ಮೂರು ದಿನ ಬಿಟ್ಟು ಮತ್ತೆ, “ಇವತ್ತು?”

“ಮುಳ್ಳು ಕಾಣ್ತು, ಆಮೇಲೆ ಕಣ್ಣು ಒಣಗಿ ಮತ್ತೆ ಮಸುಕು. ಬಲ್ಬಿನ ಸುತ್ತ ಬಳೆ ಬಳೆ. ಅದೇನ್ರೀ ಬಣ್ಣದ ವಾಸನೆ?”

“ಪಕ್ಕದ ಮನೇದು.”

“ಪಾಪ, ಎಷ್ಟು ದುಡೀತಾರೆ!”

ಎರಡನೇ ವಾರದ ತಪಾಸಣೆಗೆ ಆಕೆಯನ್ನು ಅವಳ ಅಕ್ಕನ ಜೊತೆ ಕಳಿಸಿ, ಪೇಂಟರ್ ಏಣಿ ಬಿಟ್ಟು ಇಳಿಯಲಿಲ್ಲ. ತಿಂಗಳೊಳಗೆ ನಡುಮನೆ, ಅಡುಗೆಮನೆ, ಕೊನೆಗೆ ಬೀರುವಿನ ಹಿಂದಿನ ಗೋಡೆಯೂ ಮುಗಿಯಿತು. ಸೊಂಟ ಹಿಡಿದುಕೊಂಡರೂ ಪೇಂಟರ್ ಗೆದ್ದ ಖುಷಿಯಲ್ಲಿ ಹೆಂಡತಿಯ ಜೊತೆ ತಪಾಸಣೆಗೆ ಹೋದ.

“ತುಂಬಾ ಚೆನ್ನಾಗಿದೆ,” ಎಂದರು ಡಾಕ್ಟರಮ್ಮ. “ಎರಡನೇ ವಾರ ನಿಮ್ಮ ಅಕ್ಕನ ಜೊತೆ ಬಂದಾಗಲೇ ಕೊನೇ ಸಾಲು ಓದಿದ್ರಲ್ಲ, ಹಾಗೇ ನಿಂತಿದೆ.”

ಆಸ್ಪತ್ರೆಯ ಮೆಟ್ಟಿಲು ಇಳಿಯುತ್ತಲೇ ಪೇಂಟರ್ ಕೇಳಿದ. “ಹಾಗಾದ್ರೆ ನಿಂಗೆ ಎಲ್ಲಾ ಕಾಣ್ತಿತ್ತಾ?”

“ಕನ್ನಡಕ ಇದ್ದಾಗಲೂ ಕಾಣ್ತಿತ್ತು ರೀ. ಒರೆಸ್ಕೋ ಒರೆಸ್ಕೋ ಅಂತಿದ್ರಿ, ಅದಕ್ಕೇ ಒರೆಸೋಕೆ ಏನೂ ಇಲ್ಲದ ಹಾಗೆ ಮಾಡ್ಕೊಂಡೆ.”

ಅವನಿಗೆ ನಾಚಿಕೆಯಾಯಿತು. ಆದರೂ ಚಪಲ ಬಿಡಲಿಲ್ಲ. “ಹೋಗ್ಲಿ, ಕೆಲಸ ಹೇಗಿದೆ?”

“ಬಹಳ ಚೆನ್ನಾಗಿದೆ.” ಪೇಂಟರ್ ಎದೆ ಉಬ್ಬಿತು. ಆಕೆ ಅವನ ತೋಳು ಹಿಡಿದುಕೊಂಡು ನಡೆದಳು. “ಮುಂದಿನ ತಿಂಗಳು ಅಕ್ಕನೂ ಆಪರೇಶನ್ ಮಾಡಿಸ್ಕೊಳ್ತಾಳಂತೆ. ಅಲ್ಲ ರೀ, ಅವಳ ಎರಡಂತಸ್ತಿನ ಮನೆಗೆ ಬಣ್ಣ ಹೊಡೆದದ್ದೂ ನೀವೇ ಅಲ್ವಾ, ಆ ಗಿಡ್ಡ ಏಣೀಲಿ?”