ಮೂರು ಮುಳುಗು, ಎರಡು ಪಾಸ್‌ಪೋರ್ಟು

ನಾನು ಪದವೀಧರೆಯಾಗುವುದು ಸಾಧ್ಯವೇ ಇಲ್ಲ ಎಂದು ಮೊದಲು ಘೋಷಿಸಿದವರು ಗದಗಿನ ನಮ್ಮ ದೊಡ್ಡಪ್ಪ. ಪಿಯುಸಿಯಲ್ಲಿ ನಾನು ಎರಡನೇ ಸಲ ಡುಮ್ಕಿ ಹೊಡೆದ ದಿನ ಓಣಿಗೆಲ್ಲ ಕೇಳುವಂತೆ, "ಈಕಿ ಡಿಗ್ರಿ ಮುಗಿಸೂದೂ ನಮ್ಮ ಎಮ್ಮಿ ಪೇಪರ್ ಓದೂದೂ ಎರಡೂ ಒಂದೇ" ಅಂದಿದ್ದರು. ನಮ್ಮ ಮನೆತನದಲ್ಲಿ ಅದುವರೆಗೆ ಕಾಲೇಜು ಮುಗಿಸಿದವರು ಯಾರೂ ಇರದಿದ್ದರಿಂದ ನನಗೂ ಎಮ್ಮೆಗೂ ಸಮಾನ ಅವಕಾಶವಿತ್ತು.

ಮದುವೆಯಾಗಿ ಕೆನಡಾದ ಮಿಸ್ಸಿಸಾಗಾಕ್ಕೆ ಬಂದೆ. ಹಗಲು ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಟೇಪು ಹಚ್ಚುವ ಶಿಫ್ಟು, ಸಂಜೆ ಕ್ಲಾಸು. ಹೀಗೆ ಒಂಬತ್ತು ವರ್ಷ. ನಲವತ್ತೊಂದನೇ ವಯಸ್ಸಿಗೆ ಪಾಸಾದೆ! ಜೂನಿನ ಒಂದು ಶುಕ್ರವಾರ ಘಟಿಕೋತ್ಸವ. ಅದನ್ನು ಕಣ್ಣಾರೆ ನೋಡಲು ಅವ್ವ ಗದಗಿನಿಂದ ಬಂದಳು.

ಗೋದಾಮಿನಲ್ಲಿ ನನ್ನ ಜೊತೆ ಟೇಪು ಹಚ್ಚುವ ಕಾರ್ಮೆನ್ ಮಾಲ್ಟಾದವಳು. "ಅಷ್ಟು ಓದಿದ್ದೀಯ, ನಮ್ಮ ದ್ವೀಪಕ್ಕೆ ಹೋಗಿ ಒಂದು ವಾರ ಸುಮ್ಮನೆ ಕೂತು ಬಾ" ಎಂದಳು. ಸುತ್ತಲೂ ಸಮುದ್ರ, ನಡುವೆ ಅಂಗೈಯಗಲದ ದೇಶ. ಅಷ್ಟು ಸಣ್ಣ ಜಾಗದಲ್ಲಿ ಎಷ್ಟು ದೊಡ್ಡ ತಪ್ಪು ಹಿಡಿಸೀತು? ಮಗಳನ್ನು ಅವ್ವನ ಸುಪರ್ದಿಗೆ ಒಪ್ಪಿಸಿ ಗಂಡ ಹೆಂಡತಿ ಹೊರಟೆವು. ಮಂಗಳವಾರ ವಾಪಸು. ಘಟಿಕೋತ್ಸವಕ್ಕೆ ಮೂರು ದಿನ ಮೊದಲೇ!

ಹೊರಡುವಾಗ ಅವ್ವ ಎರಡು ಮಾತು ಹೇಳಿದಳು. ಒಂದು: "ಪಾಸ್‌ಪೋರ್ಟು ಹೋಟೆಲಿನ್ಯಾಗ ಬಿಡಬ್ಯಾಡ, ಸೊಂಟಕ್ಕ ಕಟ್ಟಿಕೋ." ಅದಕ್ಕೆಂದೇ ಒಂದು ಬಟ್ಟೆಯ ಸಂಚಿ ಹೊಲಿದುಕೊಟ್ಟಳು. ಇನ್ನೊಂದು: "ಸಮುದ್ರ ಕಂಡ್ರ ಹಂಗ ಬರಬ್ಯಾಡ. ಮೂರು ಮುಳುಗು ಹಾಕು. ಪಾಸಾದದ್ದು ಸುಮ್ನ ಅಲ್ಲ."

ನಾನು ಎರಡೂ ಆಜ್ಞೆಗಳನ್ನು ಒಂದೇ ಹೊತ್ತಿಗೆ ಪಾಲಿಸಿದೆ.

ಮಾಲ್ಟಾದ ಸಮುದ್ರಕ್ಕೆ ಚೂಡಿದಾರದಲ್ಲೇ ಎದೆಮಟ್ಟ ಇಳಿದು, ಮೂಗು ಹಿಡಿದು ಎರಡು ಮುಳುಗು ಹಾಕುವಷ್ಟರಲ್ಲಿ ಬಿಸಿಲಿಗೆ ಮೈ ಕಾಯಿಸುತ್ತಿದ್ದ ಒಬ್ಬ ಪುಣ್ಯಾತ್ಮ ಓಡಿ ಬಂದು ಜಡೆ ಹಿಡಿದು ಎಳೆದ. ನಾನು ಮುಳುಗಿ ಸಾಯುತ್ತಿದ್ದೇನೆಂದು ಅವನ ಅಂದಾಜು. ದೇವರ ಕೆಲಸ ಅರ್ಧಕ್ಕೆ ಬಿಡುವುದುಂಟೆ? ಕೊಸರಿಕೊಂಡು ಹೋಗಿ ಮೂರನೆಯದನ್ನೂ ಮುಗಿಸಿದೆ. ದಡದಿಂದ ಯಜಮಾನರು ಕೂಗಿದರು:

"ಏ, ಸಂಚಿ ಎಲ್ಲೈತಿ?"

"ಸೊಂಟದಾಗ ಐತ್ರೀ! ಭದ್ರ ಐತಿ!"

ಭದ್ರವಾಗಿಯೇ ಇತ್ತು. ಹಿಂಡಿದರೆ ಒಂದು ಲೋಟ ನೀರು ಬಂತು.

"ಬಿಸಿಲಿಗೆ ಒಣಗಿಸೂಣು, ತಾನ ಒಣಗ್ತಾವ" ಎಂದರು ಇವರು.

"ನಾ ಡಿಗ್ರಿ ಓದೀನಿ, ನನಗ ಹೇಳಬ್ಯಾಡ್ರಿ" ಎಂದು ನಾನು ಹೋಟೆಲಿನ ಇಸ್ತ್ರಿ ಪೆಟ್ಟಿಗೆ ಕಾಯಿಸಿದೆ. ಇವರ ಪಾಸ್‌ಪೋರ್ಟು ಹಪ್ಪಳದಂತೆ ಸುರುಳಿ ಸುತ್ತಿತು. ನನ್ನದು ಹಾಗೇನೂ ಆಗಲಿಲ್ಲ. ನನ್ನ ಮುಖ ಮಾತ್ರ ಎದ್ದು ಇಸ್ತ್ರಿ ಪೆಟ್ಟಿಗೆಗೆ ಅಂಟಿಕೊಂಡಿತು!

ಮಂಗಳವಾರ ವಿಮಾನ ನಿಲ್ದಾಣದಲ್ಲಿ ಹಪ್ಪಳವನ್ನೂ ಮುಖವಿಲ್ಲದ ಪುಸ್ತಕವನ್ನೂ ಗಂಭೀರವಾಗಿ ಮುಂದೆ ಹಿಡಿದೆವು. ಅಷ್ಟೇ ಗಂಭೀರವಾಗಿ ನಮ್ಮನ್ನು ವಾಪಸು ಕಳಿಸಿದರು. ವಿಮಾನ ಹೋಯಿತು. ಇವರು ಸೂಟ್‌ಕೇಸಿನ ಮೇಲೆ ಕೂತು, "ಒಂಬತ್ತು ವರ್ಷ ನಾ ಒಬ್ಬನ ಅಡಿಗಿ ಮಾಡೀನಿ. ಶುಕ್ರವಾರ ನಿನ್ನ ಹೆಸರು ಕರದಾಗ ಕುರ್ಚಿ ಖಾಲಿ ಇದ್ರ, ನಾ ಮತ್ತ ಒಲಿ ಮುಂದ ನಿಂದ್ರೂದಿಲ್ಲ ನೋಡು" ಎಂದರು. ಆಗ ಮಾತ್ರ ನನಗೆ ನಗು ಬರಲಿಲ್ಲ.

ಬುಧವಾರ ಅಲ್ಲಿನ ಕೆನಡಾ ದೂತ ಕಚೇರಿಯಲ್ಲಿ ತಾತ್ಕಾಲಿಕ ಪಾಸ್‌ಪೋರ್ಟಿಗೆ ಅರ್ಜಿ. 'ಹಾನಿ ಹೇಗಾಯಿತು?' ಎಂಬಲ್ಲಿ ಎರಡು ಗೆರೆ ಜಾಗವಿತ್ತು. ನಾನು ಪೀಠಿಕೆ, ವಿವರಣೆ, ಉಪಸಂಹಾರ ಸಮೇತ ಒಂದೂವರೆ ಪುಟ ಬರೆದೆ. ಅಧಿಕಾರಿ ಹೆಂಗಸು ಎರಡು ಸಲ ಓದಿದಳು.

"ಬೇಕೆಂದೇ ಮುಳುಗಿದಿರಾ?"

"ಹೌದು."

"ಮೂರು ಸಲ?"

"ಹೌದು."

"ಮೊದಲನೇ ಸಲವೇ ಪಾಸ್‌ಪೋರ್ಟು ನೆನಪಾಗಲಿಲ್ಲವೆ?"

"ಮೂಗು ಹಿಡಿದುಕೊಂಡಿದ್ದೆ."

ಆಕೆ ಅರ್ಜಿಗೆ ಠಸ್ಸೆ ಒತ್ತಿದಳು. ಕರುಣೆಯೋ, ಬೇಗ ತೊಲಗಲಿ ಎಂಬ ಆಸೆಯೋ, ಗುರುವಾರ ಬೆಳಿಗ್ಗೆ ಹೊಸ ಪುಸ್ತಕಗಳು ಕೈಗೆ ಬಂದವು. ಸಿಕ್ಕಿದ ವಿಮಾನ ಹಿಡಿದು ಶುಕ್ರವಾರ ಬೆಳಿಗ್ಗೆ ಟೊರಾಂಟೊದಲ್ಲಿ ಇಳಿದೆವು. ಸೂಟ್‌ಕೇಸು ಇಳಿಯಲಿಲ್ಲ. ನಿಲ್ದಾಣದಿಂದ ನೇರವಾಗಿ ಸಭಾಂಗಣಕ್ಕೆ ಓಡಿ, ಮೂರು ದಿನದ ಚೂಡಿದಾರದ ಮೇಲೆ ಕಪ್ಪು ಗೌನು ಏರಿಸಿ, ಸಮುದ್ರದ ಉಪ್ಪು ಹಿಡಿದ ಹವಾಯಿ ಚಪ್ಪಲಿಯಲ್ಲಿ ಸಾಲಿನ ಕೊನೆಗೆ ನಿಂತೆ. ಹೆಸರು ಕರೆದರು. ಚಟಪಟ ಸದ್ದು ಮಾಡುತ್ತ ವೇದಿಕೆ ಹತ್ತಿದೆ. ಸರ್ಟಿಫಿಕೇಟು ಕೈಗೆ ಬಂತು!

ಪಾಸ್‌ಪೋರ್ಟಿನ ಕಥೆಯನ್ನೆಲ್ಲ ಫೋನಿನಲ್ಲಿ ಕೇಳಿದ್ದ ಅವ್ವ ಪಕ್ಕದ ಮನೆಯವರ ಕಾರಿನಲ್ಲಿ ಮಗಳೊಂದಿಗೆ ಮೊದಲೇ ಬಂದು ಕೂತಿದ್ದಳು. ಓಡಿ ಹೋಗಿ ಅವಳ ಮುಂದೆ ಬಿಚ್ಚಿ ಹಿಡಿದೆ. ಓದು ಬಾರದ ಅವ್ವ ನನ್ನ ಹೆಸರಿನ ಮೇಲೆ ಬೆರಳಾಡಿಸಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹರಸುತ್ತಾಳೆಂದು ತಲೆ ಬಾಗಿಸಿದೆ. ಅವಳು ಸರ್ಟಿಫಿಕೇಟನ್ನು ಮೆಲ್ಲಗೆ ನನ್ನ ಕೈಯಿಂದ ಕಸಿದುಕೊಂಡಳು.

"ಇದು ನನ್ನ ಕಡೆ ಇರಲಿ. ಮನೀಗೆ ಹೋಗೂ ದಾರ್ಯಾಗ ದೊಡ್ಡ ಕೆರಿ ಐತಿ."