ದಿಲ್ಲಿಯಲ್ಲಿ ಪ್ರಮಾಣವಚನ, ಖಾನಾಪುರದಲ್ಲಿ ಖಾತೆ ಹಂಚಿಕೆ

ನನ್ನ ವಿಷಯವನ್ನು ಇನ್ನೊಬ್ಬರ ಬಾಯಿಂದ ಕೇಳುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು. ನಾನು ಹೊಟ್ಟೆಕಿಚ್ಚಿನ ಮನುಷ್ಯ. ಹಾಗಂತ ಸಿಕ್ಕಸಿಕ್ಕವರ ಮೇಲೆಲ್ಲ ಕರುಬುವ ಚಟ ನನಗಿಲ್ಲ. ಸಿನಿಮಾ ನಟರು, ದೊಡ್ಡ ದೊಡ್ಡ ಸಾಹುಕಾರರು, ಎದುರು ಮನೆಯ ಡಾಕ್ಟರು, ಎಲ್ಲರೂ ಸುಖವಾಗಿರಲಿ, ನನ್ನದೇನೂ ತಕರಾರಿಲ್ಲ. ನನ್ನ ಹೊಟ್ಟೆ ಉರಿಯುವುದು ಒಬ್ಬನೇ ಒಬ್ಬನನ್ನು ಕಂಡರೆ. ಅವನು ನನ್ನ ಷಡ್ಡಕ ಪಾಯಪ್ಪ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಪಾರಿಶ್ವಾಡದಲ್ಲಿ ಹೊಲ ಮಾಡಿಕೊಂಡಿದ್ದಾನೆ. ಹತ್ತನೆಯ ಇಯತ್ತೆಯಲ್ಲಿ ಸಮಾಜ ವಿಜ್ಞಾನದ ಪರೀಕ್ಷೆಯನ್ನು ಎರಡು ಸಲ ಬರೆದವನು. ನಾನಾದರೋ ಬೆಳಗಾವಿಯ ಕಾಲೇಜೊಂದರಲ್ಲಿ ಮೂವತ್ತು ವರ್ಷ ರಾಜ್ಯಶಾಸ್ತ್ರ ಕಲಿಸಿ ನಿವೃತ್ತನಾದವನು. ಹೀಗಿದ್ದೂ ಖಾನಾಪುರದ ನಮ್ಮ ಮಾವನ ಮನೆಯಲ್ಲಿ ಒಂದು ಮೊಳೆ ಹೊಡೆಯಬೇಕಾದರೂ "ಪಾಯಪ್ಪ ಬರಲಿ ತಡೀರಿ" ಎನ್ನುತ್ತಾರೆ. ಹಿರಿಯ ಅಳಿಯನಾದ ನಾನು ಅಲ್ಲೇ ಕೂತಿರುತ್ತೇನೆ, ಕೈಯಲ್ಲಿ ಸುತ್ತಿಗೆಯೂ ಇರುತ್ತದೆ.

ಕೇಂದ್ರ ಮಂತ್ರಿಮಂಡಲದ ರಚನೆ ಎಂಬ ಪಾಠವನ್ನು ನಾನು ಈಗಲೂ ಒಂದೇ ಉಸಿರಿಗೆ ಒಪ್ಪಿಸಬಲ್ಲೆ. ಚುನಾವಣೆ ಮುಗಿದ ಮೇಲೆ ಬಹುಮತ ಇರುವ ಪಕ್ಷದ ಅಥವಾ ಕೂಟದ ನಾಯಕರನ್ನು ರಾಷ್ಟ್ರಪತಿಗಳು ಕರೆದು ಪ್ರಧಾನಿಯನ್ನಾಗಿ ನೇಮಿಸುತ್ತಾರೆ. ಪ್ರಧಾನಿ ಕೊಟ್ಟ ಸಲಹೆಯಂತೆ ಉಳಿದ ಮಂತ್ರಿಗಳ ನೇಮಕವಾಗುತ್ತದೆ. ಪ್ರಧಾನಿಯೂ ಸೇರಿ ಇವರೆಲ್ಲರ ಸಂಖ್ಯೆ ಲೋಕಸಭೆಯ ಸದಸ್ಯರಲ್ಲಿ ನೂರಕ್ಕೆ ಹದಿನೈದನ್ನು ಮೀರಬಾರದು. ಇಷ್ಟೆಲ್ಲ ಪುಸ್ತಕದಲ್ಲಿದೆ. ಪಟ್ಟಿಯಲ್ಲಿ ತನ್ನ ಹೆಸರಿದೆಯೋ ಇಲ್ಲವೋ ಎಂದು ಗೊತ್ತಿಲ್ಲದೆ ಫೋನು ಹಿಡಿದು ಕೂತವನ ಹೊಟ್ಟೆಯೊಳಗೆ ಏನಾಗುತ್ತದೆ ಎನ್ನುವುದು ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ. ಅದು ನನಗೆ ತಿಳಿದದ್ದು ನನ್ನ ಹೆಂಡತಿಯ ಅಣ್ಣನ ಮಗಳ ಮದುವೆಯಲ್ಲಿ.

ನಮ್ಮ ಅತ್ತೆಗೆ ಎಂಬತ್ತು ದಾಟಿದೆ. ಆ ಮನೆಯಲ್ಲಿ ಚುನಾವಣೆ ಎಂದೂ ನಡೆದಿಲ್ಲ, ಆದರೂ ಬಹುಮತ ಯಾವಾಗಲೂ ಅವರದೇ. ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಎಲ್ಲರೂ ಅವರನ್ನು ಆಯಿ ಎನ್ನುತ್ತಾರೆ. ಮನೆಯಲ್ಲಿ ಮದುವೆ ಎಂದರೆ ಆಯಿ ಒಂದು ದಿನ ಪಡಸಾಲೆಯಲ್ಲಿ ಕೂತು, ಯಾರು ಯಾವ ಕೆಲಸ ನೋಡಿಕೊಳ್ಳಬೇಕೆಂದು ಒಬ್ಬೊಬ್ಬರಿಗೇ ಫೋನು ಮಾಡಿ ಹೇಳುವುದು ರೂಢಿ. ಯಾರೂ ಕೇಳುವಂತಿಲ್ಲ, ಯಾರೂ ಒಲ್ಲೆ ಎನ್ನುವಂತಿಲ್ಲ. ಮೊದಲ ಫೋನು ಯಾರಿಗೆ ಹೋಗುತ್ತದೋ ಅವನೇ ಆ ಮದುವೆಯ ಮುಖ್ಯ ಮನುಷ್ಯ ಎಂದು ಎಲ್ಲರಿಗೂ ಗೊತ್ತು. ಆ ಸಲ ಆಯಿ ಆರಿಸಿಕೊಂಡ ದಿನ ಭಾನುವಾರ. ಅದೇ ದಿನ ಸಂಜೆ ದಿಲ್ಲಿಯಲ್ಲಿ ಹೊಸ ಸರಕಾರದ ಪ್ರಮಾಣವಚನ.

ಬೆಳಿಗ್ಗೆಯಿಂದ ಟೀವಿಯಲ್ಲಿ ಒಂದೇ ಸುದ್ದಿ. ಇಂಥ ಸಂಸದರಿಗೆ ಫೋನು ಬಂತು, ಇಂಥವರಿಗೆ ಇನ್ನೂ ಬಂದಿಲ್ಲ. ಪ್ರಧಾನಿಯ ಮನೆಗೆ ಚಹಾಕ್ಕೆ ಕರೆದರೆಂದರೆ ಮಂತ್ರಿಯಾದ ಹಾಗೆಯೇ. ನಾನು ಟೀವಿಯ ಮುಂದೆ ಮೊಬೈಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ನನ್ನ ಹೆಂಡತಿ ಪದ್ಮಾವತಿ ಎರಡು ಸಲ ಬಂದು ನೋಡಿ ಹೋದಳು.

"ಜಳಕಕ್ಕ ಹೋಗ್ರಿ, ನೀರ ಆರಾಕತ್ತಾವು."

"ಫೋನ್ ಬರೂದೈತಿ."

"ಯಾವ ಕಡಿಂದ್ರಿ? ದಿಲ್ಲಿಂದೇನು?"

ನಾನು ಟೀವಿಯ ದನಿ ಏರಿಸಿದೆ. ಹತ್ತೂವರೆಗೆ ಫೋನು ಬಂತು, ಆದರೆ ಬಂದದ್ದು ಅವಳಿಗೆ. ಪಾರಿಶ್ವಾಡದಿಂದ ಅವಳ ತಂಗಿ ಮಾತಾಡುತ್ತಿದ್ದಳು. ಆಯಿ ಮೊದಲ ಫೋನು ಪಾಯಪ್ಪನಿಗೇ ಮಾಡಿದ್ದರಂತೆ, ಊಟದ ಜವಾಬ್ದಾರಿ ಪೂರಾ ಅವನದಂತೆ. ನಾವು ಜೈನರು. ನಮ್ಮಲ್ಲಿ ಹಿರಿಯರು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ, ಕಟ್ಟುನಿಟ್ಟಿನವರು ನೀರನ್ನೂ ಮುಟ್ಟುವುದಿಲ್ಲ. ಬಂದ ಬೀಗರಲ್ಲಿ ಒಬ್ಬರು ಉಪವಾಸ ಮಲಗಿದರೂ ಆ ಮಾತು ಇಪ್ಪತ್ತು ವರ್ಷ ಉಳಿಯುತ್ತದೆ. ಹಾಗಾಗಿ ನಮ್ಮ ಮದುವೆಗಳಲ್ಲಿ ಊಟದ ಖಾತೆ ಎಂದರೆ ಗೃಹ, ರಕ್ಷಣೆ, ವಿದೇಶಾಂಗ ಮೂರೂ ಒಂದೇ ಕೈಯಲ್ಲಿದ್ದಂತೆ. ಅದು ಹೋಗಿ ಹೋಗಿ ಪಾಯಪ್ಪನಿಗೆ!

ನನಗೆ ಫೋನು ಬಂದದ್ದು ನಾಲ್ಕು ಗಂಟೆಗೆ.

"ಮಾಸ್ತರ, ಆರಾಮ ಅದೀರಿಲ್ರಿ?" ಎಂದರು ಆಯಿ. ನಾನು ಮಾಸ್ತರನಲ್ಲ, ಉಪನ್ಯಾಸಕ ಎಂದು ಅವರಿಗೆ ಮೂವತ್ತು ವರ್ಷದಿಂದ ಹೇಳುತ್ತಲೇ ಇದ್ದೇನೆ. "ಲಗ್ನದ ಹಿಂದಿನ ದಿನ ಬೀಗರ ಬಸ್ಸ ಕಾಕತಿಂದ ಬರತೈತಿ. ನೀವು ಹೆಂಗೂ ಬೆಳಗಾವ್ಯಾಗ ಇರ್ತೀರಿ. ಬಸ್ಸಿನಾಗ ಕುಂತು ಕರಕೊಂಡ ಬರ್ರಿ. ಏನರ ಬೇಕಾದ್ರ ಪಾಯಪ್ಪನ್ನ ಕೇಳ್ರಿ."

ಆ ಕೊನೆಯ ಮಾತು ನನ್ನನ್ನು ಕೊಂದಿತು. ಮಂತ್ರಿಗಳಲ್ಲಿ ಮೂರು ದರ್ಜೆ ಇರುತ್ತದೆ. ಮೇಲಿನವರು ಸಂಪುಟ ದರ್ಜೆಯವರು. ಆಮೇಲೆ ಸ್ವತಂತ್ರ ಹೊಣೆಯ ರಾಜ್ಯಮಂತ್ರಿಗಳು. ಕೊನೆಗೆ ಬರೀ ರಾಜ್ಯಮಂತ್ರಿಗಳು, ಇನ್ನೊಬ್ಬ ಮಂತ್ರಿಯ ಕೈಕೆಳಗೆ ಇರುವವರು. ನನ್ನನ್ನು ಪಾಯಪ್ಪನ ಕೈಕೆಳಗಿನ ರಾಜ್ಯಮಂತ್ರಿ ಮಾಡಿದ್ದರು. ಸಂಜೆ ಟೀವಿಯಲ್ಲಿ ಒಬ್ಬ ಹಿರಿಯ ಸಂಸದರು ಹೊಸ ಜಾಕೀಟು ತೊಟ್ಟು ಬಂದು ರಾಜ್ಯಮಂತ್ರಿಯಾಗಿ ಪ್ರಮಾಣ ಮಾಡಿದರು. ಅವರ ಬೆನ್ನ ಹಿಂದೆ, ಅವರಿಗಿಂತ ಕಿರಿಯವರೊಬ್ಬರು ಸಂಪುಟ ದರ್ಜೆಯ ಸಾಲಿನಲ್ಲಿ ನಗುತ್ತ ಕೂತಿದ್ದರು. ಇಡೀ ದೇಶದಲ್ಲಿ ಆ ಹಿರಿಯರ ಮುಖ ಅರ್ಥವಾದದ್ದು ಬಹುಶಃ ನನಗೊಬ್ಬನಿಗೇ. ಪದ್ಮಾವತಿ ಮಾತ್ರ "ಜಾಕೀಟ ಭಾಳ ಚಂದ ಐತಿ" ಎಂದಳು.

ಹದಿನೈದು ದಿನ ನಾನು ಒಳಗೊಳಗೇ ಕುದ್ದೆ. ಕೊನೆಗೆ ಒಂದು ಉಪಾಯ ಹೊಳೆಯಿತು. ಬೀಗರ ಬಸ್ಸು ಖಾನಾಪುರಕ್ಕೆ ಹೋಗುವ ದಾರಿಯಲ್ಲಿ ಬೆಳಗಾವಿಯನ್ನು ದಾಟಿಯೇ ಹೋಗಬೇಕು. ನಮ್ಮ ಮನೆ ಟಿಳಕವಾಡಿಯಲ್ಲಿ, ಎರಡನೇ ರೈಲ್ವೆ ಗೇಟಿನ ಆಚೆ. ಬಸ್ಸನ್ನು ಅತ್ತ ತಿರುಗಿಸಿ ಕಾಲು ಗಂಟೆ ನಮ್ಮ ಮನೆಯಲ್ಲಿ ಚಹಾ, ಅವಲಕ್ಕಿ ಕೊಟ್ಟರೆ ಬೀಗರನ್ನು ಮೊದಲು ಉಪಚರಿಸಿದ ಕೀರ್ತಿ ನನ್ನದು. ಪಾಯಪ್ಪನ ಊಟವೇನಿದ್ದರೂ ಎರಡನೆಯದು. ಈ ಆಲೋಚನೆಯನ್ನು ನಾನು ಪದ್ಮಾವತಿಗೆ ಹೇಳಿದಾಗ ಅವಳು, "ಆಯಿನ್ನ ಒಂದ ಮಾತ ಕೇಳ್ರಿ" ಎಂದಳು. ಪ್ರತಿಯೊಂದಕ್ಕೂ ಮೇಲಿನವರನ್ನು ಕೇಳುವುದಾದರೆ ಮಂತ್ರಿ ಯಾಕೆ ಆಗಬೇಕು ಎಂದು ನಾನು ರೇಗಿದೆ.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಮೂರಕ್ಕೆ ಬಸ್ಸು ಕಾಕತಿ ಬಿಟ್ಟಿತು. ನಾನು ಡ್ರೈವರನ ಪಕ್ಕದ ಸೀಟಿನಲ್ಲಿ ಕೂತಿದ್ದೆ. ಹೊರಗೆ ಜೂನ್ ತಿಂಗಳ ಜಿಟಿಜಿಟಿ ಮಳೆ. ನಾಲ್ಕಕ್ಕೆ ಎಲ್ಲರೂ ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತಿದ್ದರು. ಹೊರಡೋಣ ಎಂದು ನಾನು ಏಳುವ ಹೊತ್ತಿಗೆ ಸರಿಯಾಗಿ ವರನ ಅಜ್ಜ, ಗೋಡೆಯ ಮೇಲಿದ್ದ ನನ್ನ ನಿವೃತ್ತಿ ಸಮಾರಂಭದ ಫೋಟೋ ನೋಡುತ್ತ ಒಂದು ಪ್ರಶ್ನೆ ಕೇಳಿದರು.

"ಸರ್, ಇಲೆಕ್ಷನ್ನಿಗೆ ನಿಲ್ಲದವರನ್ನೂ ಮಂತ್ರಿ ಮಾಡ್ಯಾರಂತಲ್ರಿ. ಹಂಗ ಮಾಡಾಕ ಬರತೈತೇನ್ರಿ?"

ಮೂವತ್ತು ವರ್ಷ ಪಾಠ ಮಾಡಿದೆ, ಒಬ್ಬ ವಿದ್ಯಾರ್ಥಿಯಾದರೂ ಇಂಥ ಪ್ರಶ್ನೆ ಕೇಳಿದ್ದರೆ ನನ್ನ ಆಯುಸ್ಸು ಹತ್ತು ವರ್ಷ ಹೆಚ್ಚುತ್ತಿತ್ತು. ನಾನು ಮತ್ತೆ ಕೂತೆ. ಬರುತ್ತದೆ, ಆದರೆ ಆರು ತಿಂಗಳೊಳಗೆ ಸಂಸತ್ತಿನ ಯಾವುದಾದರೂ ಒಂದು ಸದನದ ಸದಸ್ಯನಾಗಬೇಕು ಎಂದೆ. ಅಜ್ಜ "ಆಗದಿದ್ರ?" ಎಂದರು. ಆಗದಿದ್ದರೆ ಮಂತ್ರಿಗಿರಿ ಹೋಯಿತು ಎಂದೆ. ಅವರ ಹಿಂದೆ ನಿಂತಿದ್ದವರೊಬ್ಬರು, ಒಬ್ಬ ಮಂತ್ರಿಯ ಖಾತೆಯನ್ನು ಕಿತ್ತು ಇನ್ನೊಬ್ಬನಿಗೆ ಕೊಟ್ಟರೆ ಮತ್ತೆ ಪ್ರಮಾಣ ಮಾಡಬೇಕೇ ಎಂದು ಕೇಳಿದರು. ಖಾತೆಯಷ್ಟೇ ಬದಲಾದರೆ ಬೇಕಿಲ್ಲ, ರಾಜ್ಯಮಂತ್ರಿ ಬಡ್ತಿ ಪಡೆದು ಸಂಪುಟ ದರ್ಜೆಗೆ ಬಂದರೆ ಹೊಸದಾಗಿ ಪ್ರಮಾಣ ಮಾಡುವ ರೂಢಿ ಎಂದೆ. ಬಡ್ತಿ ಎಂಬ ಮಾತನ್ನು ಎರಡು ಸಲ ಹೇಳಿದೆ. ಹೀಗೆ ನಡೆದೇ ನಡೆಯಿತು. ಪದ್ಮಾವತಿ ಬಾಗಿಲಲ್ಲಿ ನಿಂತು ಕೈಗಡಿಯಾರ ತೋರಿಸಿದಳು. ಗಡಿಯಾರವನ್ನು ಬೀಗರಿಗೆ ತೋರಿಸಿ ಮೆರೆಯುತ್ತಿದ್ದಾಳೆ ಅಂದುಕೊಂಡೆ. ಬಸ್ಸು ಹತ್ತುವಾಗ ಐದೂಕಾಲು ದಾಟಿತ್ತು.

ಎರಡನೇ ಗೇಟು ಹಾಕಿತ್ತು. ಒಂದು ಗೂಡ್ಸ್ ಗಾಡಿ ಬಂತು, ಅದಕ್ಕೆ ಕೊನೆಯೆಂಬುದೇ ಇರಲಿಲ್ಲ. ಅದು ಹೋದ ಮೇಲೂ ಗೇಟು ತೆಗೆಯಲಿಲ್ಲ, ಎದುರಿನಿಂದ ಇನ್ನೊಂದು ಗಾಡಿ ಬರುವುದಿತ್ತು. ಗೇಟು ತೆಗೆದಾಗ ಎರಡೂ ಕಡೆಯ ಸ್ಕೂಟರುಗಳು ಎದುರುಬದುರು ನುಗ್ಗಿ ಸಿಕ್ಕಿಹಾಕಿಕೊಂಡವು. ಬೆಳಗಾವಿಯ ಅಂಚಿನ ಪೀರನವಾಡಿ ದಾಟುವಾಗ ಆರೂಕಾಲು. ಅಜ್ಜ ಮೋಡ ಕವಿದ ಆಕಾಶವನ್ನು ನೋಡುತ್ತಿದ್ದರು, ಅವರ ಪಕ್ಕದಲ್ಲಿ ಅಜ್ಜಿ ಕಣ್ಣು ಮುಚ್ಚಿ ಕೂತಿದ್ದರು. ಹೊತ್ತು ಮುಳುಗಲು ಮುಕ್ಕಾಲು ಗಂಟೆಯೂ ಉಳಿದಿರಲಿಲ್ಲ. ಖಾನಾಪುರ ಮುಟ್ಟಿ, ಕೈಕಾಲು ತೊಳೆದು, ಎಲೆ ಹಾಕಿ ಕೂರುವುದು ಸಾಧ್ಯವೇ ಇಲ್ಲ. ಇವರಿಬ್ಬರೂ ನನ್ನ ಒಂದು ಕಪ್ ಚಹಾಕ್ಕಾಗಿ ಬೆಳಗಿನವರೆಗೆ ಉಪವಾಸ. ನನಗೆ ನಿಜವಾಗಿ ಅಳು ಬಂತು. ಪಾಯಪ್ಪನಿಗೆ ಫೋನು ಮಾಡಬಹುದಿತ್ತು. ಅವನ ಹೆಸರಿನ ತನಕ ಹೋಗಿ ಎರಡು ಸಲ ಬೆರಳು ಹಿಂದೆ ತೆಗೆದೆ.

ಖಾನಾಪುರ ಇನ್ನೂ ದೂರವಿರುವಾಗಲೇ, ದೇಸೂರು ಬರುತ್ತಿದ್ದಂತೆ ಡ್ರೈವರು ತಾನಾಗಿಯೇ ಬಸ್ಸು ನಿಲ್ಲಿಸಿದ. ರಸ್ತೆಯ ನಡುವೆ ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಪಾಯಪ್ಪ ನಿಂತಿದ್ದ. ಐದೂವರೆಯಾದರೂ ಬಸ್ಸು ಬರದಿದ್ದಾಗ ಅವನು ನನಗಲ್ಲ, ನೇರವಾಗಿ ಡ್ರೈವರಿಗೆ ಫೋನು ಮಾಡಿ ವಿಚಾರಿಸಿದ್ದ. ಮಂತ್ರಿಯನ್ನು ಬಿಟ್ಟು ಕಾರ್ಯದರ್ಶಿಯ ಜೊತೆ ಮಾತಾಡಿದ ಹಾಗೆ. ಆಮೇಲೆ ಅಡುಗೆಯನ್ನು ಟೆಂಪೋದಲ್ಲಿ ಹೇರಿಕೊಂಡು ಬಂದು, ಪರಿಚಯದವರೊಬ್ಬರ ಮನೆಯ ಪಡಸಾಲೆಯಲ್ಲಿ ಎಲೆ ಹಾಕಿಸಿಟ್ಟಿದ್ದ. ಗೋಧಿ ಹುಗ್ಗಿ, ಚಪಾತಿ, ಹೆಸರುಕಾಳಿನ ಪಲ್ಯ, ಸೋಸಿ ಕಾಸಿದ ನೀರು. ಹುಗ್ಗಿಯಿಂದ ಇನ್ನೂ ಹಬೆ ಏಳುತ್ತಿತ್ತು. ಅಜ್ಜ ಕೊನೆಯ ಗುಟುಕು ನೀರು ಕುಡಿದು ಲೋಟ ಕೆಳಗಿಟ್ಟಾಗ ಹೊತ್ತು ಮುಳುಗಲು ಇನ್ನೂ ಐದು ನಿಮಿಷ ಇತ್ತು. ಎಲ್ಲರ ಹೊಟ್ಟೆ ತಣ್ಣಗಾಯಿತು, ನನ್ನದೊಂದು ಬಿಟ್ಟು.

"ಯಾಕ ಇಷ್ಟ ತಡಾ ಆತು?" ಎಂದು ಆ ಮನೆಯ ಹಿರಿಯರೊಬ್ಬರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಪಾಯಪ್ಪ ಕೈ ಮುಗಿದ.

"ತಪ್ಪ ನಂದ್ರಿ. ಅಡಿಗಿ ಆಗೂದು ತಡಾ ಅಂತ ನಾನ ಅಣ್ಣಾರಿಗೆ, ಒಂದ ತಾಸು ಮನ್ಯಾಗ ಕುಂದರಿಸ್ಕೋರಿ ಅಂತ ಹೇಳಿದ್ದೆ."

ಮಂತ್ರಿಮಂಡಲಕ್ಕೆ ಸಾಮೂಹಿಕ ಹೊಣೆಗಾರಿಕೆ ಇರುತ್ತದೆ, ಒಬ್ಬನ ತಪ್ಪನ್ನು ಎಲ್ಲರೂ ಹೊರಬೇಕು ಎಂದು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದವನು ನಾನು. ಅದನ್ನು ಮಾಡಿ ತೋರಿಸಿದವನು ಪಾಯಪ್ಪ. ಅವನು ನನ್ನನ್ನು ನಾಲ್ಕು ಮಂದಿಯ ಮುಂದೆ ಬೈದಿದ್ದರೆ ನನಗೆ ಎಷ್ಟೋ ಹಿತವಾಗುತ್ತಿತ್ತು.

ಸಂಪುಟದ ಪುನರ್ರಚನೆಗೆ ಮೊದಲು ದಿಲ್ಲಿಯಲ್ಲಿ ಕೆಲವರಿಂದ ರಾಜೀನಾಮೆ ಬರುತ್ತದೆ. ಮರ್ಯಾದಸ್ಥರು ಕೇಳುವ ಮೊದಲೇ ಕೊಡುತ್ತಾರೆ. ಮರುದಿನ ಬೆಳಿಗ್ಗೆ ನಾನು ಮನೆಯವರ ವಾಟ್ಸಾಪ್ ಗುಂಪಿನಲ್ಲಿ, "ನಿನ್ನೆಯ ಘಟನೆಯ ನೈತಿಕ ಹೊಣೆ ಹೊತ್ತು ವಾಹನದ ಜವಾಬ್ದಾರಿಯಿಂದ ಬಿಡುಗಡೆ ಕೋರುತ್ತೇನೆ" ಎಂದು ಬರೆದೆ. ಛೇ ಛೇ, ಹಾಗೆಲ್ಲ ಅನ್ನಬೇಡಿ ಎಂದು ಎಲ್ಲರೂ ಮೇಲೆ ಬೀಳುತ್ತಾರೆ, ಆಮೇಲೆ ದೊಡ್ಡ ಮನಸ್ಸು ಮಾಡಿ ವಾಪಸು ತೆಗೆದುಕೊಳ್ಳುವುದು ಎಂದು ಲೆಕ್ಕ ಹಾಕಿದ್ದೆ. ಎರಡೇ ನಿಮಿಷದಲ್ಲಿ ಆಯಿಯ ಮೊಬೈಲಿನಿಂದ ಒಂದು ಹೆಬ್ಬೆರಳು ಬಂತು. ಅಂಗೀಕಾರ. ವಾಹನದ ಖಾತೆಯನ್ನು ಹೆಚ್ಚುವರಿಯಾಗಿ ಪಾಯಪ್ಪನಿಗೇ ವಹಿಸಲಾಯಿತು.

ಆಮೇಲೆ ಆಯಿ ನನ್ನನ್ನು ಕರೆದು, "ನೀವು ಹಿರ್ಯಾರು ಮಾಸ್ತರ, ನಿಮಗ ಓಡ್ಯಾಡು ಕೆಲಸ ಹಚ್ಚಿದ್ದ ನನ್ನ ತಪ್ಪು. ಬಾಗಲದಾಗ ಕುರ್ಚಿ ಹಾಕಿಸೇನಿ, ಬಂದವರಿಗೆ ಬರ್ರಿ ಕುಂದರ್ರಿ ಅಂದ್ರ ಸಾಕು" ಎಂದರು. ಕೆಂಪು ಮಖಮಲ್ಲಿನ ದೊಡ್ಡ ಕುರ್ಚಿ, ಕೈಯಲ್ಲಿ ಗುಲಾಬದಾನಿ, ತಲೆಗೆ ಜರಿ ಪಟಗ. ಬಂದವರೆಲ್ಲ ನಮಸ್ಕಾರ ಮಾಡಿ ಒಳಗೆ ಹೋಗುತ್ತಿದ್ದರು. ಒಂದು ತಾಸು ನಾನು ಬಹಳ ಸಂತೋಷದಿಂದ ಪನ್ನೀರು ಚಿಮುಕಿಸಿದೆ. ಆಮೇಲೆ ಗಮನಿಸಿದೆ, ಯಾರೂ ನನ್ನನ್ನು ಏನೂ ಕೇಳುತ್ತಿಲ್ಲ. ಸಂಪುಟದಿಂದ ಕೈಬಿಟ್ಟ ಹಿರಿಯರನ್ನು ರಾಜ್ಯಪಾಲರನ್ನಾಗಿ ಕಳಿಸುವುದುಂಟಲ್ಲ, ನನ್ನನ್ನು ಹಾಗೆ ಕಳಿಸಿದ್ದರು.

ಕಡೆಯ ಪಂಕ್ತಿ ಮುಗಿದ ಮೇಲೆ ಪಾಯಪ್ಪ ಬಂದು ನನ್ನ ಕುರ್ಚಿಯ ಬಾಜೂಕ್ಕೆ ನೆಲದ ಮೇಲೆ ಕೂತ. ಬೆಳಗಿನಿಂದ ಓಡಾಡಿ ಧೋತರದ ತುದಿಯೆಲ್ಲ ಕೆಸರಾಗಿತ್ತು, ಊಟ ಆಗಿರಲಿಲ್ಲ.

"ಅಣ್ಣಾರ, ಒಂದ ಮಾತ ಹೇಳ್ತೀನಿ, ನಗಬ್ಯಾಡ್ರಿ" ಎಂದ. "ಕಾಕತಿ ಅಜ್ಜಾರು ನಿನ್ನಿಂದ ಒಂದ ಸವನ ನಿಮ್ಮನ್ನ ಹೊಗಳಾಕತ್ತಾರ. ಸರ್ ಎಷ್ಟ ಚಂದ ತಿಳಿಸಿ ಹೇಳಿದ್ರು, ಎದ್ದ ಬರಾಕ ಮನಸ ಆಗಲಿಲ್ಲ ಅಂತಾರ. ನಾನು ಉಣ್ಣಾಕ ನೀಡಿದ್ದು ಅವರಿಗೆ ನೆಪ್ಪೂ ಇಲ್ಲ. ನಾನು ಹುಟ್ಟಿದಾಗಿಂದ ಇಂಥಾ ದುಡಕೀನ ಮಾಡೀನ್ರಿ, ನಿಮ್ಮಂಗ ನಾಕ ಮಂದಿ ನಡುವ ಕುಂತು ಮಾತಾಡಾಕ ಬರಲಿಲ್ಲ. ಖರೇ ಹೇಳ್ತೀನಿ, ನಿಮ್ಮನ್ನ ನೋಡಿದ್ರ ನನಗ ಭಾಳ ಹೊಟ್ಟಿಕಿಚ್ಚ ಆಗತೈತ್ರಿ."

ಹೇಳಿ ಮುಗಿಸಿ ಮಗುವಿನ ಹಾಗೆ ನಕ್ಕ, ಎದ್ದು ಊಟಕ್ಕೆ ಹೋದ. ನಾನು ಗುಲಾಬದಾನಿ ಹಿಡಿದುಕೊಂಡು ಕೂತೇ ಇದ್ದೆ. ಮೂವತ್ತು ವರ್ಷದಿಂದ ಕೇಳಬೇಕೆಂದು ಹಂಬಲಿಸಿದ ಮಾತು ಕಿವಿಗೆ ಬಿದ್ದಿತ್ತು, ಕುಣಿದಾಡಬೇಕಿತ್ತು. ಕುಣಿಯಲಾಗಲಿಲ್ಲ. ನಾನು ಇಷ್ಟು ವರ್ಷ ಹೆಂಡತಿಗೂ ಬಾಯಿಬಿಟ್ಟು ಹೇಳದೆ ಹಲ್ಲು ಕಚ್ಚಿ ಬಚ್ಚಿಟ್ಟುಕೊಂಡಿದ್ದನ್ನು ಅವನು ಎದುರಿಗೇ ಕೂತು, ನಗುತ್ತ, ಎರಡು ನಿಮಿಷದಲ್ಲಿ ಹೇಳಿ ಹಗುರಾಗಿ ಉಣ್ಣಲು ಹೋದ. ಹೊಟ್ಟೆಕಿಚ್ಚು ಪಡುವ ಒಂದು ಖಾತೆಯಾದರೂ ನನ್ನದು ಅಂದುಕೊಂಡಿದ್ದೆ. ಅದರಲ್ಲೂ ಪಾಯಪ್ಪನೇ ನನಗಿಂತ ಮೇಲು.