ಯಾದಗಿರಿಯಲ್ಲಿ ಕುಳಿತು ತಿದ್ದಿದ ತಾರೀಖು

ಹೊಟ್ಟೆಕಿಚ್ಚು ಎಳೆಯ ವಯಸ್ಸಿನ ಕಾಯಿಲೆ, ದಡಾರದ ಹಾಗೆ ಒಮ್ಮೆ ಬಂದು ಹೋಗುವಂಥದ್ದು ಎಂದು ನಾನು ತಿಳಿದಿದ್ದೆ. ನನಗೆ ಅದು ಐವತ್ತೆರಡನೆಯ ವಯಸ್ಸಿನಲ್ಲಿ, ಒಂದು ಮಂಗಳವಾರ, ಬೆಳಗಿನ ಹನ್ನೊಂದೂ ಕಾಲಿಗೆ ಬಂತು. ಗಡಿಯಾರ ನೋಡಿದ್ದೇನೆ. ಅವಸರಪಡದೆ, ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳುತ್ತೇನೆ.

ಯಾದಗಿರಿಯ ನಮ್ಮ ಕಾಲುವೆ ಕಚೇರಿಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು ನಾನು. ಶಹಾಪುರ, ಸುರಪುರ, ಕೊಡೇಕಲ್, ನಾರಾಯಣಪುರ ಈ ನಾಲ್ಕು ಕಡೆ ನಮ್ಮ ಶಾಖೆಗಳಿವೆ. ಎಲ್ಲಿ ಏನು ಕೆಟ್ಟರೂ ನಾನು ಬಸ್ಸು ಹತ್ತುತ್ತಿದ್ದೆ. ಕಂಪ್ಯೂಟರಿನ ಒಳಗೆ ರಿಜಿಸ್ಟ್ರಿ ಎಂಬುದೊಂದಿದೆ. ತಾರೀಖು ಹೇಗೆ ಕಾಣಬೇಕು, ಕಾಗದ ಯಾವ ಪ್ರಿಂಟರಿಗೆ ಹೋಗಬೇಕು, ಇಂಥದ್ದೆಲ್ಲ ಅಲ್ಲಿ ಬರೆದಿರುತ್ತದೆ. ತಪ್ಪು ಜಾಗದಲ್ಲಿ ಕೈಯಿಟ್ಟರೆ ಯಂತ್ರವೇ ಏಳುವುದಿಲ್ಲ. ನಾನು ಅದನ್ನು ತೆರೆದೊಡನೆ, ಡಾಕ್ಟರು ನಾಡಿ ಹಿಡಿದಾಗ ಮನೆಮಂದಿ ಸುಮ್ಮನಾಗುವಂತೆ, ಹಿಂದೆ ನಿಂತವರೆಲ್ಲ ಸುಮ್ಮನಾಗುತ್ತಿದ್ದರು. ಆಮೇಲೆ ಮಿರ್ಚಿ ಭಜಿ, ಚಾ. ಸುರಪುರದ ಗುಮಾಸ್ತ ಭೀಮರಾಯ ತನ್ನ ಜೇಬಿನ ದಸ್ತಿಯಿಂದಲೇ ನನ್ನ ಕುರ್ಚಿ ಒರೆಸುತ್ತಿದ್ದ. ಇದೆಲ್ಲ ನನ್ನ ಹೆಂಡತಿಗೆ ಗೊತ್ತಿತ್ತು. "ಮನ್ಯಾಗಿನ ಫ್ಯಾನ್ ತಿರಗಂಗಿಲ್ಲ, ಇವರು ಸುರಪುರಕ್ಕ ತಾರೀಖು ತಿದ್ದಾಕ ಹೋಗ್ತಾರ" ಎಂದು ನೆರೆಮನೆಯವರಿಗೆ ಹೇಳುತ್ತಿದ್ದಳು.

ಹೀಗಿರುವಾಗ ಸುನಂದಾ ಎಂಬ ಹುಡುಗಿ ನಮ್ಮ ಕಚೇರಿಗೆ ಹೊಸದಾಗಿ ಕೆಲಸಕ್ಕೆ ಬಂದಳು. ಅದೇ ಸಮಯಕ್ಕೆ ಶಾಖೆಗಳ ತಾರೀಖು ಕೆಟ್ಟಿತು. ದಿನ ಮೊದಲು ಬರಬೇಕಾದ ಕಡೆ ತಿಂಗಳು ಮೊದಲು ಬರತೊಡಗಿತು. ಆಗಸ್ಟ್ ಐದಕ್ಕೆ ಕಾಲುವೆಗೆ ನೀರು ಎಂದು ಹಚ್ಚಿದ ನೋಟೀಸಿನಲ್ಲಿ 8/5 ಎಂದು ಬಂದು, ಜನ ಅದನ್ನು ಮೇ ಎಂಟು ಎಂದು ಓದಿದರು. ಒಬ್ಬ ರೈತ ನಮ್ಮ ಸಾಹೇಬರ ಟೇಬಲ್ಲಿನ ಮುಂದೆಯೇ, "ಮೇದಾಗ ನೀರು ಬಿಟ್ರ ನಿಮ್ಮ ಕಾಲುವಿಗೆ ಕುಂಕುಮ ಹಚ್ಚಿ ಹೋಗ್ತೀನ್ರಿ" ಎಂದು ಹೇಳಿ ಹೋದ. ನಾನು ಚೀಲ ಹೆಗಲಿಗೆ ಹಾಕಿಕೊಂಡೆ. ಆಗ ಸುನಂದಾ, "ಸರ್, ನೀವ್ಯಾಕ ಹೋಗ್ತೀರಿ? ಇಲ್ಲಿಂದನ ಎಲ್ಲಾರಿಗೂ ತಾರೀಖು ತಿದ್ದಿ ಕಳಸ್ತೀನಿ" ಎಂದಳು. ಗಡಿಯಾರ ನೋಡಿದ್ದು ಆಗಲೇ.

ಎಲ್ಲ ಕಂಪ್ಯೂಟರುಗಳನ್ನೂ ಒಂದೇ ಕಡೆಯಿಂದ ನಡೆಸುವ ತಂತ್ರಾಂಶವೊಂದು ಅವಳ ಬಳಿ ಇತ್ತು. ಸಾಹೇಬರು ಇಬ್ಬರನ್ನೂ ಕರೆದು ಹೇಳಿದರು: "ಶುಕ್ರವಾರತನಕ ನೋಡೂಣು. ಇದು ನಡೀತಂದ್ರ ಇನ್ನ ಮ್ಯಾಲ ಯಾರೂ ಊರೂರು ತಿರಗೂದು ಬ್ಯಾಡ. ನಡೀಲಿಲ್ಲಂದ್ರ ಮೊದಲಿನಂಗ ಇವರೇ ಹೋಗಿ ಬರಲಿ." ನನ್ನ ಬಸ್ಸು, ನನ್ನ ಕುರ್ಚಿ, ನನ್ನ ಹಿಂದಿನ ಆ ಮೌನ, ಎಲ್ಲವೂ ಶುಕ್ರವಾರದ ಮೇಲೆ ನಿಂತವು.

ತಾರೀಖಿನ ರೂಪ ಯಂತ್ರಕ್ಕೆ ಸೇರಿದ್ದಲ್ಲ, ಯಂತ್ರ ಬಳಸುವವರಿಗೆ ಸೇರಿದ್ದು. ರಿಜಿಸ್ಟ್ರಿಯಲ್ಲಿ ಪ್ರತಿಯೊಬ್ಬ ಬಳಕೆದಾರನಿಗೂ ಬೇರೆ ಭಾಗವಿರುತ್ತದೆ. ಆದ್ದರಿಂದ ಸುನಂದಾ ಶಾಖೆಗಳ ಗುಮಾಸ್ತರ ಹೆಸರುಗಳನ್ನು ಒಂದೊಂದಾಗಿ ಗುರುತು ಹಾಕಿ ಕಳಿಸಿದಳು. ಆ ಗುಮಾಸ್ತ ತನ್ನ ಹೆಸರಿನಲ್ಲಿ ಕಂಪ್ಯೂಟರು ತೆರೆದರೆ ಸಾಕು, ಹೊಸ ತಾರೀಖು ತಾನಾಗಿ ಹೋಗಿ ಕೂರುತ್ತದೆ. ಬುಧವಾರ ಎಲ್ಲ ಹೆಸರುಗಳ ಮುಂದೆಯೂ 'ಬಾಕಿ' ಎಂದಿತ್ತು. ಗುರುವಾರವೂ ಬಾಕಿ. ಅವಳು ಊಟದ ಡಬ್ಬಿ ಮುಚ್ಚಿಟ್ಟು ಪರದೆ ನೋಡುತ್ತಿದ್ದಳು. ನಾನು ನನ್ನ ಡಬ್ಬಿಯ ಶೇಂಗಾ ಚಟ್ನಿಯನ್ನು ರೊಟ್ಟಿಗೆ ಹಚ್ಚಿಕೊಂಡು ಪೂರ್ತಿ ತಿಂದೆ. ಇಷ್ಟು ರುಚಿಯಾಗಿ ಉಂಡದ್ದು ನೆನಪಿಲ್ಲ. "ಆಗ್ತದ ಬಿಡವಾ, ನೆಟ್ ಸಾವಕಾಶ ಇರಬೇಕು" ಎಂದು ಸಮಾಧಾನವನ್ನೂ ಹೇಳಿದೆ. ಹೇಳುವಾಗ ಮುಖ ಗಂಭೀರವಾಗಿಯೇ ಇತ್ತು.

ಗುರುವಾರ ಸಂಜೆ ಅವಳು ಕುರ್ಚಿ ತಿರುಗಿಸಿದಳು.

"ಸರ್, ಸುರಪುರದಾಗ ಈಗ ಕಂಪ್ಯೂಟರ್ ಮುಂದ ಕುಂತವರು ಯಾರು?"

"ಭೀಮರಾಯ."

"ಇಲ್ಲಿ ನಿಮ್ಮ ಹೆಸರು ತೋರ್ಸಾಕತ್ತದ. ಶಹಾಪುರದಾಗೂ ನೀವೇ ಅದೀರಿ. ಕೊಡೇಕಲ್‌ದಾಗೂ. ನಾರಾಯಣಪುರದಾಗೂ."

ನಾನು ಯಾದಗಿರಿಯಲ್ಲಿ ಅವಳ ಪಕ್ಕದಲ್ಲಿ ನಿಂತಿದ್ದೆ.

ಆದದ್ದು ಇಷ್ಟು. ಏಳು ವರ್ಷಗಳ ಹಿಂದೆ ಆ ಯಂತ್ರಗಳನ್ನು ಕೂರಿಸುವಾಗ ಪ್ರತಿ ಗುಮಾಸ್ತನಿಗೂ ಅವನ ಹೆಸರು, ಪಾಸ್‌ವರ್ಡ್ ಬಂದಿತ್ತು. ಅವರು ಮರೆಯುತ್ತಾರೆಂದು ನಾನು ನನ್ನ ಹೆಸರಿನಲ್ಲೇ ತೆರೆದುಕೊಟ್ಟು, ನನ್ನ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಅಂಟಿಸಿ ಬಂದಿದ್ದೆ. ಅನುಕೂಲಕ್ಕೆಂದು ಮಾಡಿದೆ ಎನ್ನಬಹುದು. ಆದರೆ ದಿನಾ ಬೆಳಗ್ಗೆ ನಾಲ್ಕು ಊರು ನನ್ನ ಹೆಸರಿನಿಂದ ಕೆಲಸ ಶುರುಮಾಡುತ್ತವೆ ಎಂಬುದು ನನಗೆ ಹಿತವಾಗಿತ್ತು ಎಂಬುದನ್ನೂ ಹೇಳಬೇಕು. ಸುನಂದಾಳ ತಾರೀಖು ಭೀಮರಾಯನನ್ನು ಹುಡುಕುತ್ತ ಸುರಪುರಕ್ಕೆ ಹೋಗಿ, ಅಲ್ಲಿ ನಾನು ಕುಳಿತಿರುವುದನ್ನು ಕಂಡು ಹೊರಗೇ ನಿಂತಿತ್ತು.

ಅವಳು ಬೈಯಲಿಲ್ಲ. "ನಾಳಿಗಿ ಒಂದು ಸುತ್ತು ಹೋಗಿ, ಎಲ್ಲಾರನೂ ಅವರವರ ಹೆಸರಿಲೆ ಕೂಡಿಸಿ ಬರ್ತೀರೇನ್ರಿ?" ಎಂದಷ್ಟೇ ಕೇಳಿದಳು.

ಶುಕ್ರವಾರ ಮೊದಲ ಬಸ್ಸಿಗೆ ಹೊರಟೆ. ಸುರಪುರದಲ್ಲಿ ಭೀಮರಾಯ ಎಂದಿನಂತೆ ಕುರ್ಚಿ ಒರೆಸಿದ. ಅದರಲ್ಲಿ ಅವನನ್ನೇ ಕೂರಿಸಿದೆ. "ಇಷ್ಟು ವರ್ಷ ನಿಮ್ಮ ಹೆಸರಿಲೆ ತೆಗದೀನ್ರಿ ಸರ್ರ. ನನ್ನ ಹೆಸರಿಗಿ ತೆರೀತದೇನ್ರಿ ಇದು?" ಎಂದು, ನಾನು ಬರೆದುಕೊಟ್ಟ ಅವನದೇ ಪಾಸ್‌ವರ್ಡಿನ ಅಕ್ಷರಗಳನ್ನು ಒಂದೇ ಬೆರಳಿನಿಂದ ಒತ್ತಿದ. ತೆರೆಯಿತು. ನಾವಿಬ್ಬರೂ ನೋಡುತ್ತಿದ್ದಂತೆ, ಚಾ ಬರುವುದರೊಳಗೆ, ತಾರೀಖು ತಾನಾಗಿ ಸರಿಯಾಯಿತು. ನಾನು ಏನನ್ನೂ ಮುಟ್ಟಿರಲಿಲ್ಲ.

"ಯಾರು ಮಾಡಿದ್ರುರಿ ಇದನ್ನ?"

"ನಮ್ಮ ಕಚೇರ್ಯಾಗ ಒಬ್ಬ ಹುಡುಗಿ ಅದಾಳ."

"ಯಾದಗಿರ್ಯಾಗ ಕುಂತು? ಭಾರಿ ಅದಾರ ಬಿಡ್ರಿ ಅಕ್ಕೋರು. ಒಮ್ಮೆ ಕರಕೊಂಡ ಬರ್ರಿ ಸರ್ರ, ಊಟಕ್ಕ ನಮ್ಮ ಮನಿಗೇ ಹೋಗೂಣು."

ಏಳು ವರ್ಷದಲ್ಲಿ ಭಜಿ ಎಷ್ಟೋ ತಿಂದಿದ್ದೇನೆ. ಊಟಕ್ಕೆ ಮನೆಗೆ ಎಂದು ಭೀಮರಾಯ ನನ್ನನ್ನು ಒಮ್ಮೆಯೂ ಕರೆದಿರಲಿಲ್ಲ.

ಉಳಿದ ಮೂರು ಊರುಗಳನ್ನೂ ಮುಗಿಸಿ ಬಂದೆ. ಸಂಜೆ ಸಾಹೇಬರು ಇಷ್ಟು ದಿನ ಯಾಕೆ ಬಾಕಿ ಇತ್ತೆಂದು ಕೇಳಿದರು. ಸುನಂದಾ, "ಕೆಲವರ ಹೆಸರು ಸರಿ ಇರಲಿಲ್ರಿ. ಸರ್ ಹೋಗಿ ಬಂದಿದ್ದಕ್ಕ ಆತು" ಎಂದಳು. ಯಾರ ಹೆಸರು ಎಲ್ಲಿತ್ತೆಂದು ಹೇಳಲಿಲ್ಲ. ಮೆಟ್ಟಿಲು ಇಳಿಯುವವರೆಗೆ ನನಗೆ ನೆಮ್ಮದಿಯೇ ಇತ್ತು. ಕೊನೆಯ ಮೆಟ್ಟಿಲಿನಲ್ಲಿ ಮತ್ತೆ ಶುರುವಾಯಿತು: ತಂತ್ರಾಂಶ ಇರಲಿ, ಇಷ್ಟು ದೊಡ್ಡ ಮನಸ್ಸೂ ಅವಳ ಹತ್ತಿರವೇ ಇರಬೇಕೆ?

ಹಿಂದಿನಿಂದ ಇಳಿದು ಬಂದ ಅವಳು ಕೇಳಿದಳು: "ಸುರಪುರದವರು ಏನಂದ್ರು ಸರ್?"

"ಏನಿಲ್ಲ" ಎಂದೆ. "ಚಾ ಕುಡಿಸಿದ್ರು."